ಓಟ್ಸ್ ಡಬ್ಬಿಯಿಂದ ಬಸವನಹುಳುವಿನವರೆಗೆ

1906ರ ಶರತ್ಕಾಲ. ಅಮೆರಿಕದ ಅಯೋವಾ ರಾಜ್ಯದ ಫೋರ್ಟ್ ಡಾಡ್ಜ್ ಎಂಬ ಸಣ್ಣ ಊರಿನ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ಓಟ್ಸ್ ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ಹಿಂದಿನ ವರ್ಷವಷ್ಟೇ ಹೈಸ್ಕೂಲನ್ನು ತರಗತಿಗೇ ಮೊದಲಿಗಳಾಗಿ ಮುಗಿಸಿದ್ದಳು. ಹಳ್ಳಿ ಶಾಲೆಯಲ್ಲಿ ಪಾಠ ಹೇಳಲು ಬೇಕಾದ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿದ್ದಳು. ಆದರೆ ವಯಸ್ಸು ಸಾಲದು ಎಂಬ ಕಾರಣಕ್ಕೆ ಆ ಕೆಲಸ ಸಿಗಲಿಲ್ಲ. ಅಪ್ಪ ಯುರೋಪಿನಿಂದ ವಲಸೆ ಬಂದ ಯಹೂದಿ; ಬಟ್ಟೆ ಅಂಗಡಿ ಇಟ್ಟಿದ್ದ, ವ್ಯಾಪಾರ ನೆಟ್ಟಗೆ ನಡೆಯುತ್ತಿರಲಿಲ್ಲ. ಮನೆಯಲ್ಲಿ ಮೂವರು ಗಂಡುಮಕ್ಕಳು, ಇವಳೊಬ್ಬಳೇ ಹೆಣ್ಣು. ಹಾಗಾಗಿ ಮನೆಗೆಲಸದ ಹೊರೆ ಯಾರ ತಲೆಗೆ ಬಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಸಂಜೆ ಕಾರ್ಖಾನೆಯಿಂದ ಮನೆಗೆ ನಡೆದು ಹೋಗುತ್ತಿದ್ದಾಗ ದಾರಿಯಲ್ಲಿ ಹೈಸ್ಕೂಲಿನ ಟೀಚರ್ ಮೇರಿ ಕ್ರಾಫರ್ಡ್ ಎದುರಾದರು. ತರಗತಿಗೇ ಮೊದಲಿಗಳಾಗಿದ್ದ ಹುಡುಗಿ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದಾಳೆಂದು ಕೇಳಿ ಅವರಿಗೆ ಗಾಬರಿಯಾಯಿತು. ಚಿಕಾಗೋ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನಕ್ಕೆ ಏರ್ಪಾಡು ಮಾಡಿಸಿ ಅವಳನ್ನು ಅಲ್ಲಿಗೆ ಕಳಿಸಿದರು. ಬೀದಿಯಲ್ಲಿ ಆ ಭೇಟಿ ಆಗದಿದ್ದರೆ ಇಪ್ಪತ್ತನೇ ಶತಮಾನದ ಪ್ರಾಣಿಶಾಸ್ತ್ರದ ಕಪಾಟಿನಲ್ಲಿ ನಾಲ್ಕು ಸಾವಿರ ಪುಟಗಳಷ್ಟು ಜಾಗ ಖಾಲಿ ಉಳಿಯುತ್ತಿತ್ತು.

ಹುಡುಗಿಯ ಹೆಸರು ಲಿಬ್ಬಿ ಹೆನ್ರಿಯೆಟ್ಟಾ ಹೈಮನ್. ಈ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಆದರೆ ನಿಮ್ಮ ಮನೆಯಲ್ಲಿ ಹನ್ನೊಂದನೇ ತರಗತಿಯಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿದ್ದರೆ, ಪುಣೆಯಲ್ಲಿರಲಿ ಹೈದರಾಬಾದಿನಲ್ಲಿರಲಿ, ಅವರ ಪುಸ್ತಕದಲ್ಲಿ ಈಕೆಯ ನೆರಳಿದೆ. ಎನ್‌ಸಿಇಆರ್‌ಟಿ ಪುಸ್ತಕದ 'ಪ್ರಾಣಿ ಸಾಮ್ರಾಜ್ಯ' ಅಧ್ಯಾಯ ತೆಗೆದು ನೋಡಿ. ಕರ್ನಾಟಕದ ಪಿಯುಸಿ ಮಕ್ಕಳೂ ಈಗ ಓದುವುದು ಅದನ್ನೇ. ಅಲ್ಲಿ ಪ್ರಾಣಿಗಳನ್ನು ಹೊಟ್ಟೆಯೊಳಗೆ ಖಾಲಿ ಜಾಗ ಇದೆಯೋ ಇಲ್ಲವೋ ಎಂಬುದರ ಮೇಲೆ ವಿಂಗಡಿಸಲಾಗಿದೆ: ಏಸೀಲೋಮೇಟ್, ಸ್ಯೂಡೋಸೀಲೋಮೇಟ್, ಸೀಲೋಮೇಟ್. ಚಪ್ಪಟೆ ಹುಳುಗಳಲ್ಲಿ ಕರುಳಿಗೂ ಹೊರಗೋಡೆಗೂ ನಡುವೆ ಖಾಲಿ ಜಾಗವಿಲ್ಲ, ಅಂಗಾಂಶ ಒತ್ತಾಗಿ ತುಂಬಿಕೊಂಡಿರುತ್ತದೆ. ಮಕ್ಕಳ ಹೊಟ್ಟೆಯ ಜಂತುಹುಳುವಿನಲ್ಲಿ ಜಾಗವೇನೋ ಇದೆ, ಆದರೆ ಒಂದೇ ಬದಿಗೆ ಅಸ್ತರ್ ಹಾಕಿದ ಕೋಟಿನ ಹಾಗೆ, ಕರುಳಿನ ಬದಿಗೆ ಪೊರೆಯ ಹೊದಿಕೆ ಇಲ್ಲ. ಎರೆಹುಳುವಿನಲ್ಲಿ ಎರಡೂ ಬದಿಗೆ ಅಸ್ತರ್. ಇಷ್ಟೇ ವಿಷಯ. ಪ್ರವೇಶ ಪರೀಕ್ಷೆಗೆ ಕೂರುವ ಲಕ್ಷಾಂತರ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ದುಂಡುಹುಳುಗಳಿಗೆ ಅಲ್ಲಿ 'ಆಸ್ಕೆಲ್ಮಿಂಥಿಸ್' ಎಂಬ ಹೆಸರು. ಗ್ರೀಕಿನಲ್ಲಿ ಆಸ್ಕೋಸ್ ಎಂದರೆ ತೊಗಲು ಚೀಲ, ಹೆಲ್ಮಿಂಥ್ ಎಂದರೆ ಹುಳು. ಚೀಲದ ಹುಳು. ಹೆಸರಿಟ್ಟವರು ಹೈಮನ್ ಅಲ್ಲ, ಆದರೆ ಇಂಗ್ಲಿಷ್ ಓದುವ ಜಗತ್ತಿನ ತರಗತಿಗಳಲ್ಲಿ ಆ ಹೆಸರು ಬೇರು ಬಿಡಲು ಮುಖ್ಯ ಕಾರಣ 1951ರಲ್ಲಿ ಬಂದ ಆಕೆಯ ಪುಸ್ತಕದ ಮೂರನೇ ಸಂಪುಟ.

ಈ ವಿಂಗಡಣೆಯ ಬಹುಭಾಗ ಈಗ ಬಿದ್ದುಹೋಗಿದೆ. ಆ ಕಥೆಗೆ ಆಮೇಲೆ ಬರೋಣ.

ಚಿಕಾಗೋದಲ್ಲಿ ಲಿಬ್ಬಿ ಮೊದಲು ಹಿಡಿದದ್ದು ಸಸ್ಯಶಾಸ್ತ್ರ. ಚಿಕ್ಕಂದಿನಲ್ಲಿ ಊರಿನ ಸುತ್ತಲ ಹೂಗಳನ್ನು ಗುರುತಿಸುತ್ತ, ಚಿಟ್ಟೆ ಪತಂಗಗಳನ್ನು ಸಂಗ್ರಹಿಸುತ್ತ ಬೆಳೆದವಳಿಗೆ ಅದು ಸಹಜವಾಗಿತ್ತು. ಆದರೆ ಆ ವಿಭಾಗದ ಪ್ರಯೋಗಾಲಯದಲ್ಲಿ ಯಹೂದಿದ್ವೇಷ ಎದುರಾಯಿತು, ಬಿಟ್ಟಳು. ರಸಾಯನಶಾಸ್ತ್ರ ಒಗ್ಗಲಿಲ್ಲ. ಹೀಗೆ ಪ್ರಾಣಿಶಾಸ್ತ್ರಕ್ಕೆ ಬಂದು, 1910ರಲ್ಲಿ ಪದವಿ, 1915ರಲ್ಲಿ ಚಾರ್ಲ್ಸ್ ಮ್ಯಾನಿಂಗ್ ಚೈಲ್ಡ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಪಿಎಚ್‌ಡಿ. ನೀರಿನಲ್ಲಿರುವ ಎರೆಹುಳುವಿನ ಸಣ್ಣ ಬಂಧುಗಳನ್ನು ಕತ್ತರಿಸಿದರೆ ತುಂಡುಗಳು ಮತ್ತೆ ಹೇಗೆ ಬೆಳೆಯುತ್ತವೆ ಎನ್ನುವುದು ಸಂಶೋಧನೆಯ ವಿಷಯ. ಆಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದೇ ಪ್ರಾಧ್ಯಾಪಕರ ಸಹಾಯಕಿಯಾಗಿಯೇ ಉಳಿದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ಅಣ್ಣತಮ್ಮಂದಿರು ಚಿಕಾಗೋಗೇ ಬಂದುಬಿಟ್ಟಿದ್ದರು. ಹಗಲು ಪ್ರಯೋಗಾಲಯ, ಸಂಜೆ ಅಡುಗೆಮನೆ. ಅಮ್ಮ ಕಟ್ಟುನಿಟ್ಟಿನ, ಅಂತಃಕರಣ ತೋರಿಸದ ಹೆಂಗಸು. ಸಂಶೋಧನೆ ಎಂಬುದು ಆ ಮನೆಯಲ್ಲಿ ಯಾರಿಗೂ ಲೆಕ್ಕಕ್ಕೆ ಬರುವ ಕೆಲಸವಾಗಿರಲಿಲ್ಲ.

ಇಲ್ಲೇ ಆಕೆಯ ಬದುಕಿನ ಅತಿ ದೊಡ್ಡ ತಮಾಷೆ ನಡೆಯಿತು. ತರಗತಿಗಳಿಗೆ ಪ್ರಯೋಗ ಮಾಡಿಸುವಾಗ ಒಳ್ಳೆಯ ಕೈಪಿಡಿಗಳಿಲ್ಲದ್ದು ಕಂಡು ಎರಡು ಕೈಪಿಡಿ ಬರೆದುಕೊಟ್ಟಳು: 1919ರಲ್ಲಿ ಪ್ರಾಥಮಿಕ ಪ್ರಾಣಿಶಾಸ್ತ್ರದ್ದು, 1922ರಲ್ಲಿ ಕಶೇರುಕಗಳ ತೌಲನಿಕ ಅಂಗರಚನೆಯದ್ದು. ಮೀನು, ಮೊಸಳೆ, ಬೆಕ್ಕು, ಬೆನ್ನುಮೂಳೆ ಇವುಗಳಲ್ಲಿ ಆಕೆಗೆ ಕಿಂಚಿತ್ತೂ ಆಸಕ್ತಿ ಇರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದಳು. ಇಷ್ಟವಾಗಿದ್ದು ಮೆತ್ತಗಿನ, ನಾಜೂಕಿನ ಜೀವಗಳು: ಲೋಳೆಮೀನು, ಹವಳದ ಜೀವಿ, ಸೂಕ್ಷ್ಮದರ್ಶಕದಡಿಯಲ್ಲಿ ಮಾತ್ರ ಕಾಣುವ ಚೆಲುವೆಯರು. ಆದರೆ ಕಶೇರುಕಗಳ ಕೈಪಿಡಿ ಯಾರೂ ನಿರೀಕ್ಷಿಸದಷ್ಟು ಮಾರಾಟವಾಯಿತು. ವೈದ್ಯಕೀಯಕ್ಕೆ ಹೋಗುವ ಹುಡುಗರೆಲ್ಲ ಕೊಳ್ಳಬೇಕಾದ ಪುಸ್ತಕವಾಯಿತದು. 1929ರಲ್ಲಿ ಅಮ್ಮ ತೀರಿಕೊಂಡಳು. ಗೌರವಧನದ ಹಣವನ್ನು ಲೆಕ್ಕ ಹಾಕಿ ನೋಡಿದಾಗ, ಮಿತವಾಗಿ ಬದುಕಿದರೆ ಸಂಬಳವೇ ಬೇಡ ಎಂದು ತೋರಿತು. 1931ರಲ್ಲಿ ಕೆಲಸ ಬಿಟ್ಟು, ಯುರೋಪು ಸುತ್ತಿ ಬಂದು, ನ್ಯೂಯಾರ್ಕಿನಲ್ಲಿ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಹತ್ತಿರ ಮನೆ ಹಿಡಿದಳು. ಹತ್ತಿರ ಏಕೆಂದರೆ ಆ ಮ್ಯೂಸಿಯಂನ ಗ್ರಂಥಾಲಯ. ಬೆನ್ನುಮೂಳೆ ಇರುವ ಪ್ರಾಣಿಗಳು ಸಾಕಿದ ದುಡ್ಡಿನಲ್ಲಿ ಬೆನ್ನುಮೂಳೆ ಇಲ್ಲದವುಗಳ ಪುರಾಣ ಬರೆಯಲು ಕುಳಿತಳು.

ಆಗ ಆಕೆಗೆ ನಲವತ್ತೆರಡು ದಾಟಿತ್ತು. ಮ್ಯೂಸಿಯಂನವರು 1937ರಲ್ಲಿ ಒಂದು ಗೌರವ ಹುದ್ದೆ ಕೊಟ್ಟು, ಕೂರಲು ಒಂದು ಕೋಣೆ ಕೊಟ್ಟರು. ಸಂಬಳ ಇಲ್ಲ. ಕೊನೆಯವರೆಗೂ ಇರಲಿಲ್ಲ.

'ಅಕಶೇರುಕ' ಎಂಬ ಪದವನ್ನು ಸ್ವಲ್ಪ ಹೊತ್ತು ನೋಡಬೇಕು. ಇದು ಇಲ್ಲ ಎನ್ನುವ 'ಅ'ದಿಂದ ಹುಟ್ಟಿದ ಪದ. 1800ರ ಆಸುಪಾಸಿನಲ್ಲಿ ಪ್ಯಾರಿಸಿನ ಮ್ಯೂಸಿಯಂನಲ್ಲಿ 'ಕೀಟಗಳು ಮತ್ತು ಹುಳುಗಳ' ಪ್ರಾಧ್ಯಾಪಕನಾಗಿದ್ದ ಲಮಾರ್ಕ್ 'ಬೆನ್ನುಮೂಳೆ ಇಲ್ಲದ ಪ್ರಾಣಿಗಳು' ಎಂದು ಒಟ್ಟಾಗಿ ಕರೆದ ಗುಂಪು ಇದು. ಮುಂಬೈಯಲ್ಲಿ ಹಿಂದೆ ತುಳುವರು, ಕನ್ನಡಿಗರು, ತಮಿಳರು, ಮಲಯಾಳಿಗಳು ಎಲ್ಲರನ್ನೂ 'ಮದ್ರಾಸಿ' ಎಂದು ಮುಗಿಸುತ್ತಿದ್ದರಲ್ಲ, ಹಾಗೆ. ಹೊರಗೆ ನಿಂತು ನೋಡುವವನಿಗೆ ಅನುಕೂಲವಾದ ಹೆಸರು, ಒಳಗಿನವರಿಗೆ ಅರ್ಥವಿಲ್ಲದ್ದು. ಭೂಮಿಯ ಮೇಲಿನ ಪ್ರಾಣಿ ಜಾತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಈ 'ಇಲ್ಲದವರ' ಪಟ್ಟಿಯಲ್ಲಿವೆ. ಆಕ್ಟೋಪಸ್, ಜಿರಲೆ, ಸ್ಪಂಜು ಮೂರಕ್ಕೂ ಇರುವ ಸಮಾನ ಗುಣವೆಂದರೆ ಅವು ನಮ್ಮ ಹಾಗಿಲ್ಲ ಎನ್ನುವುದು ಮಾತ್ರ.

ಇಷ್ಟು ದೊಡ್ಡ ಬಳಗದ ಸಂಬಂಧಗಳನ್ನು ಕಂಡುಹಿಡಿಯುವುದು ಹೇಗೆ? ಮೂಳೆ ಇಲ್ಲದ ಮೆದು ಜೀವಿಗಳ ಪಳೆಯುಳಿಕೆ ಅಪರೂಪ. ಹಾಗಾಗಿ ಹತ್ತೊಂಬತ್ತನೇ ಶತಮಾನದವರು ಭ್ರೂಣದ ಕಡೆ ತಿರುಗಿದರು. ಸಮುದ್ರದ ಮುಳ್ಳುಚೆಂಡಿನ ಮೊಟ್ಟೆಯನ್ನು ಗಾಜಿನ ತಟ್ಟೆಯಲ್ಲಿಟ್ಟು ನೋಡಿದರೆ, ಒಂದು ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ, ಕೊನೆಗೆ ಟೊಳ್ಳು ಚೆಂಡಾಗುತ್ತದೆ. ಆಮೇಲೆ ಗಾಳಿ ಕಡಿಮೆಯಾದ ಚೆಂಡನ್ನು ಹೆಬ್ಬೆರಳಲ್ಲಿ ಒತ್ತಿದ ಹಾಗೆ ಒಂದು ಬದಿ ಒಳಕ್ಕೆ ತಗ್ಗುತ್ತದೆ. ಆ ತಗ್ಗು ಮುಂದೆ ಕರುಳಾಗುತ್ತದೆ, ತಗ್ಗಿನ ಬಾಯಿ ಏನಾಗುತ್ತದೆ ಎನ್ನುವುದು ಪ್ರಶ್ನೆ. ಬಸವನಹುಳು, ಎರೆಹುಳುಗಳ ಕಡೆಯ ಬಳಗದಲ್ಲಿ ಸಾಮಾನ್ಯವಾಗಿ ಅದರಿಂದ ಬಾಯಿ ಮೂಡುತ್ತದೆ ಎಂದು ಪಾಠ. ಮುಳ್ಳುಚೆಂಡು, ನಕ್ಷತ್ರಮೀನುಗಳಲ್ಲಿ ಅದು ಗುದವಾಗುತ್ತದೆ, ಬಾಯಿ ಆಮೇಲೆ ಬೇರೆ ಕಡೆ ತೆರೆಯುತ್ತದೆ. ಮನುಷ್ಯರು ಸೇರಿದಂತೆ ಎಲ್ಲ ಕಶೇರುಕಗಳೂ ಈ ಎರಡನೆಯ ಪಂಗಡ. ಕಣ್ಣು, ಮಿದುಳು, ಜಾಣತನ ಎಲ್ಲ ಇರುವ ಆಕ್ಟೋಪಸ್ಸಿಗಿಂತ ತಲೆಯೇ ಇಲ್ಲದ ನಕ್ಷತ್ರಮೀನು ನಮಗೆ ಹತ್ತಿರದ ನೆಂಟ. ಬೆಳೆದು ನಿಂತ ದೇಹ ಮುಚ್ಚಿಟ್ಟ ನೆಂಟಸ್ತಿಕೆಯನ್ನು ಭ್ರೂಣ ಹೊರಹಾಕಿದ ಸಂದರ್ಭ ಇದು. ಡಿಎನ್‌ಎ ಓದಿದ ಮೇಲೂ ಈ ಒಂದು ವಿಷಯ ಅಲುಗಾಡಿಲ್ಲ.

ಈ ಬಗೆಯ ನೋಟಗಳು ಎಲ್ಲಿದ್ದವು? ನೂರೈವತ್ತು ವರ್ಷಗಳ ಜರ್ಮನ್, ಫ್ರೆಂಚ್, ಇಟಾಲಿಯನ್, ಇಂಗ್ಲಿಷ್ ಪತ್ರಿಕೆಗಳಲ್ಲಿ ಚದುರಿದ್ದವು. ಜರ್ಮನರು ದೊಡ್ಡ ದೊಡ್ಡ ಕೋಶಗಳನ್ನು ಮಾಡಿದ್ದರು, ಆದರೆ ಅವು ಹತ್ತಾರು ಪಂಡಿತರು ಸೇರಿ ಮಾಡಿದ ಕೆಲಸ. ಹೈಮನ್ ಒಬ್ಬಳೇ ಮಾಡಿದಳು. ಪ್ರಬಂಧ ಓದುವುದು, ಕಾರ್ಡಿನಲ್ಲಿ ಟಿಪ್ಪಣಿ ಬರೆಯುವುದು, ಕಾರ್ಡುಗಳನ್ನು ಜೋಡಿಸಿಕೊಂಡು ಟೈಪ್ ಮಾಡುವುದು. ಸಹಾಯಕರಿಲ್ಲ, ಕಾರ್ಯದರ್ಶಿ ಇಲ್ಲ. ಚಿತ್ರಗಳನ್ನೂ ತಾನೇ ಬರೆಯುತ್ತಿದ್ದಳು. ಬೇಸಿಗೆಗಳಲ್ಲಿ ಕಡಲತೀರದ ಪ್ರಯೋಗಾಲಯಗಳಿಗೆ ಹೋಗಿ ಜೀವಂತ ಪ್ರಾಣಿಯನ್ನು ಎದುರಿಗಿಟ್ಟುಕೊಂಡು. ತಾನು ಬರಿಯ ಸಂಕಲನಕಾರಳು ಎಂಬಂತೆ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದಳು. ಇದನ್ನು ವಿನಯ ಎಂದು ತಿಳಿಯಬೇಕಿಲ್ಲ, ಪೂರ್ತಿ ಒಪ್ಪಬೇಕಾಗಿಯೂ ಇಲ್ಲ. ಒಂದು ಭಾಷೆಯ ವಿವರಣೆಯನ್ನು ಇನ್ನೊಂದಕ್ಕೆ ತಂದವರಿಗೆ ಗೊತ್ತು, ತರುವಾಗ ಪ್ರತಿ ವಾಕ್ಯದಲ್ಲೂ ಒಂದು ತೀರ್ಪು ಕೊಡಬೇಕಾಗುತ್ತದೆ. 1880ರ ಜರ್ಮನ್ ಪಂಡಿತ ಒಂದು ಅಂಗಕ್ಕೆ ಇಟ್ಟ ಹೆಸರೂ 1920ರ ಫ್ರೆಂಚ್ ಪಂಡಿತ ಇಟ್ಟ ಹೆಸರೂ ಒಂದೇ ಅಂಗದ್ದೋ ಬೇರೆಯದ್ದೋ? ಅದನ್ನು ತೀರ್ಮಾನಿಸಲು ನಿಘಂಟು ಸಾಲದು, ಹುಳುವನ್ನೇ ನೋಡಬೇಕು. ಚಿಕಾಗೋದಲ್ಲಿದ್ದಾಗಲೇ ಆಕೆ ಈ ಪಾಠ ಕಲಿತಿದ್ದಳು: ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಕತ್ತರಿಸುತ್ತಿದ್ದ ಹೈಡ್ರಾ, ಪ್ಲನೇರಿಯಾಗಳ ಜಾತಿಯ ಹೆಸರುಗಳೇ ಗೊಂದಲದಲ್ಲಿದ್ದವು. ಕುಳಿತು ಸರಿಮಾಡಿದಳು, ಕೆಲವು ಹೊಸ ಜಾತಿಗಳನ್ನು ತಾನೇ ವಿವರಿಸಿದಳು.

'ದಿ ಇನ್‌ವರ್ಟಿಬ್ರೇಟ್ಸ್' ಮೊದಲ ಸಂಪುಟ 1940ರಲ್ಲಿ ಬಂತು. ಎರಡು ಮತ್ತು ಮೂರು 1951ರಲ್ಲಿ ಒಟ್ಟಿಗೆ, ನಕ್ಷತ್ರಮೀನಿನ ಬಳಗಕ್ಕೇ ಮೀಸಲಾದ ನಾಲ್ಕನೆಯದು 1955ರಲ್ಲಿ, ಐದನೆಯದು 1959ರಲ್ಲಿ. ನಡುವೆ ಊರಾಚೆ ಮಿಲ್‌ವುಡ್ ಎಂಬಲ್ಲಿ ಮನೆ ಕೊಂಡು ಹತ್ತು ವರ್ಷ ತೋಟ ಮಾಡಿಕೊಂಡು ರೈಲಿನಲ್ಲಿ ಓಡಾಡಿದಳು. ಪ್ರಶಸ್ತಿಗಳು ಬಂದವು, 1954ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದಳು, 1960ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಚಿನ್ನದ ಪದಕ. ಇವು ಹಾಗಿರಲಿ. ಹೆಚ್ಚು ಹೇಳಬೇಕಾದ್ದು ಐದನೇ ಸಂಪುಟದ ಕೊನೆಯ ಅಧ್ಯಾಯದ ಬಗ್ಗೆ. ಅಲ್ಲಿ ಆಕೆ ಹಿಂದಿನ ಸಂಪುಟಗಳಿಗೆ ಮರಳಿ, ಆಮೇಲೆ ಬಂದ ಸಂಶೋಧನೆಗಳನ್ನು ಸೇರಿಸಿದಳು. ಎರಡು ದಶಕದ ಹಿಂದೆ ಮುಗಿಸಿದ ಮನೆಗೆ ಹೋಗಿ ಸೋರುವ ಹೆಂಚು ಬದಲಿಸಿ ಬಂದ ಹಾಗೆ. ಯಾವ ಪ್ರಕಾಶಕನೂ ಇದನ್ನು ಕೇಳುವುದಿಲ್ಲ.

ಈಗ ಬಿದ್ದುಹೋದ ಕಥೆ.

ಭಾಷೆಗಳನ್ನು ಎರಡು ರೀತಿ ವಿಂಗಡಿಸಬಹುದು. ಕನ್ನಡ, ಜಪಾನಿ, ತುರ್ಕಿ ಮೂರರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಈ ಲಕ್ಷಣದಿಂದ ಅವು ಒಂದು ಬಗೆ. ಆದರೆ ಅದರಿಂದ ಅವು ಒಂದೇ ತಾಯಿಯ ಮಕ್ಕಳು ಎಂದಾಗುವುದಿಲ್ಲ. ಕನ್ನಡದ ನಂಟು ಗೋಂಡಿ, ಕುಡುಖ್, ಬ್ರಾಹೂಯಿಗಳ ಜೊತೆ. ಕೇಳಲು ಎಷ್ಟೇ ದೂರ ಅನಿಸಿದರೂ. ಲಕ್ಷಣದ ಗುಂಪು ಬೇರೆ, ವಂಶದ ಗುಂಪು ಬೇರೆ. ದೇಹದೊಳಗಿನ ಖಾಲಿ ಜಾಗ ಕ್ರಿಯಾಪದದ ಸ್ಥಾನವಿದ್ದ ಹಾಗೆ ಎಂದು ಕಾಲಾಂತರದಲ್ಲಿ ಗೊತ್ತಾಯಿತು. ವಿಕಾಸದ ದಾರಿಯಲ್ಲಿ ಅದು ಬರುತ್ತದೆ, ಹೋಗುತ್ತದೆ.

1988ರಲ್ಲಿ ರೈಬೋಸೋಮಿನ ಆರ್‌ಎನ್‌ಎ ಸರಣಿಗಳನ್ನು ಹೋಲಿಸಿ ಪ್ರಾಣಿವಂಶವೃಕ್ಷ ಕಟ್ಟುವ ಮೊದಲ ದೊಡ್ಡ ಪ್ರಯತ್ನ ನಡೆಯಿತು. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ ಅದಕ್ಕಿಂತ ಗಟ್ಟಿಯಾಗಿ ಬಾಗಿಲು ಬಡಿಯಿತು. ಅದರ ಪ್ರಕಾರ ಜಂತುಹುಳುವಿನ ಹತ್ತಿರದ ನೆಂಟ ಎರೆಹುಳು ಅಲ್ಲ, ಜಿರಲೆ. ಇಬ್ಬರೂ ಹಾವಿನ ಹಾಗೆ ಪೊರೆ ಕಳಚಿ ಬೆಳೆಯುವವರು. ಎರೆಹುಳು ಬಸವನಹುಳುವಿನ ಪಾಲಿಗೆ ಹೋಯಿತು. ಉಂಗುರ ಉಂಗುರವಾದ ಮೈ ನೋಡಿ ಎರೆಹುಳುವನ್ನೂ ಝರಿಯನ್ನೂ ಅಣ್ಣತಮ್ಮ ಎಂದು ನೂರಾರು ವರ್ಷ ನಂಬಿದ್ದು ಸುಳ್ಳಾಯಿತು. ಚಪ್ಪಟೆ ಹುಳುಗಳು ಬುಡದ ಸರಳ ಜೀವಿಗಳಲ್ಲ, ಇದ್ದದ್ದನ್ನು ಕಳಕೊಂಡು ಸರಳವಾದವು ಎಂದಾಯಿತು. ಆಸ್ಕೆಲ್ಮಿಂಥಿಸ್ ಎಂಬ ಚೀಲ ಹರಿದು ಒಳಗಿದ್ದವರು ಬೇರೆ ಬೇರೆ ಕೊಂಬೆಗಳಿಗೆ ಹೋದರು. ಹೈಮನ್ ಮೂರು ಮೆಟ್ಟಿಲಾಗಿ ಜೋಡಿಸಿದ್ದ ಏಸೀಲೋಮೇಟ್, ಸ್ಯೂಡೋಸೀಲೋಮೇಟ್, ಸೀಲೋಮೇಟ್ ಎಂಬ ಏಣಿ ವಂಶಾವಳಿಯಾಗಿ ಉಳಿಯಲಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ಉಳಿದಿದೆ.

ಒಂದು ಸಣ್ಣ ತಿರುವೂ ಇದೆ. ಏಸೀಲ್ ಎಂಬ ಪುಟಾಣಿ ಸಮುದ್ರ ಜೀವಿಗಳಿವೆ, ಹೆಚ್ಚಿನವು ಕೆಲವೇ ಮಿಲಿಮೀಟರ್ ಉದ್ದ. ಬಾಯಿ ಉಂಟು, ಗುದವಿಲ್ಲ, ಕರುಳಿನ ಕೊಳವೆಯೂ ಇಲ್ಲ. ತಿಂದದ್ದು ಕೋಶಗಳ ಮುದ್ದೆಯೊಳಗೆ ಕರಗುತ್ತದೆ. ಎಡಬಲ ಎಂಬುದಿರುವ ಪ್ರಾಣಿಗಳೆಲ್ಲ ಇಂಥದೊಂದು ಜೀವಿಯಿಂದ ಬಂದಿರಬೇಕು, ಆ ಜೀವಿ ಲೋಳೆಮೀನಿನ ಬಳಗದ ಡಿಂಭದಂಥದ್ದರಿಂದ ಬಂದಿರಬೇಕು ಎಂದು ಹೈಮನ್ ವಾದಿಸಿದ್ದಳು. ವಿಚಾರ ಹಳೆಯದು, ಆಕೆ ಅದಕ್ಕೆ ಬಲ ತುಂಬಿದಳು. ಏಸೀಲ್‌ಗಳನ್ನು ಚಪ್ಪಟೆ ಹುಳುಗಳ ಮನೆಯಲ್ಲೇ ಇಟ್ಟದ್ದು ತಪ್ಪಾಯಿತು. ಆದರೆ 1999ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪ್ರಬಂಧ, ಏಸೀಲ್‌ಗಳು ಚಪ್ಪಟೆ ಹುಳುಗಳೇ ಅಲ್ಲ, ಎಡಬಲವಿರುವ ಪ್ರಾಣಿಗಳ ವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆ ಎಂದಿತು. ಇನ್ನು ಕೆಲವರು, ಇಲ್ಲ, ಅವು ನಕ್ಷತ್ರಮೀನಿನ ಕಡೆಯ ನೆಂಟರು, ಎಲ್ಲ ಕಳಕೊಂಡು ಹಾಗಾದವು ಎನ್ನುತ್ತಾರೆ. ಜಗಳ ಇನ್ನೂ ಮುಗಿದಿಲ್ಲ. ಇಂಥ ವಂಶಾವಳಿಗಳ ವಿಷಯದಲ್ಲಿ ತಾನು ಹೇಳುವುದೂ ಸೇರಿ ಎಲ್ಲವೂ ಊಹೆ ಎಂದು ಹೈಮನ್ ಪದೇ ಪದೇ ಎಚ್ಚರಿಸಿದ್ದಳು. ಪಠ್ಯಪುಸ್ತಕದವರು ಏಣಿಯನ್ನು ಎತ್ತಿಕೊಂಡರು, ಎಚ್ಚರಿಕೆಯನ್ನು ಅಲ್ಲೇ ಬಿಟ್ಟರು.

ಏಣಿ ಬಿದ್ದ ಮೇಲೂ ಆ ಆರು ಸಂಪುಟಗಳನ್ನು ಸಂಶೋಧಕರು ಯಾಕೆ ಕೆಳಗಿಳಿಸುತ್ತಾರೆ? ಕಾರಣ ಸರಳ. ಡಿಎನ್‌ಎ ಯಾರು ಯಾರ ನೆಂಟರು ಎಂದು ಹೇಳುತ್ತದೆ. ಆ ನೆಂಟ ಹೇಗೆ ತಿನ್ನುತ್ತಾನೆ, ಅವನ ಮೊಟ್ಟೆ ಹೇಗೆ ಒಡೆಯುತ್ತದೆ, ಡಿಂಭ ಯಾವ ಕೂದಲನ್ನು ಆಡಿಸಿ ಈಜುತ್ತದೆ ಎಂದು ಹೇಳುವುದಿಲ್ಲ. ಯಾವುದೋ ಅಪರೂಪದ ಹುಳುವಿನ ಬೆಳವಣಿಗೆಯ ವಿವರ ಹುಡುಕಿದರೆ, ಹಳೆಯ ಜರ್ಮನ್ ಪ್ರಬಂಧದ ಸಾರ ಇಂಗ್ಲಿಷಿನಲ್ಲಿ ಸಿಗುವುದು ಇಲ್ಲೇ, ಪಕ್ಕದಲ್ಲಿ ಆಕೆಯ ಕೈಯಿಂದ ಬಂದ ಗೆರೆಚಿತ್ರದ ಸಮೇತ. ಹನ್ನೊಂದನೇ ತರಗತಿಯ ಮಕ್ಕಳಿಗೆ ಸಿಗುವುದು ಇದರ ತಿರುವುಮುರುವು: ಬಿದ್ದ ಏಣಿ ಸಿಗುತ್ತದೆ, ಹುಳು ಸಿಗುವುದಿಲ್ಲ. ಎಷ್ಟೋ ಮಕ್ಕಳು ಜೀವಂತ ಹೈಡ್ರಾ ಒಂದನ್ನು ನೋಡದೆಯೇ ವೈದ್ಯರಾಗುತ್ತಾರೆ. ಕೊಳದ ನೀರು ಒಂದು ಬಾಟಲಿ, ಒಂದು ಭೂತಗನ್ನಡಿ, ಅಷ್ಟು ಸಾಕು ಅದನ್ನು ತೋರಿಸಲು.

ಐವತ್ತರ ದಶಕದ ಕೊನೆಯ ಹೊತ್ತಿಗೆ ಹೈಮನ್‌ಗೆ ಪಾರ್ಕಿನ್‌ಸನ್ ಕಾಯಿಲೆ ಹಿಡಿದಿತ್ತು. ಚಿತ್ರ ಬರೆಯುವ ಕೈ ನಡುಗುವ ಕಾಯಿಲೆ. ಮುಂದೆ ಗಾಲಿಕುರ್ಚಿಯೂ ಬೇಕಾಯಿತು. ಆ ಸ್ಥಿತಿಯಲ್ಲೇ ಆರನೇ ಸಂಪುಟ, ಮೃದ್ವಂಗಿಗಳ ಮೊದಲ ಭಾಗ, 1967ರಲ್ಲಿ ಹೊರಬಂತು. ಮುನ್ನುಡಿಯಲ್ಲಿ, ಇಲ್ಲಿಗೆ ತಾನು ನಿಲ್ಲಿಸುತ್ತೇನೆ, ಈ ಪ್ರಾಣಿಗಳ ಅಧ್ಯಯನಕ್ಕೆ ಜನರನ್ನು ಹುರಿದುಂಬಿಸುವ ಉದ್ದೇಶ ನೆರವೇರಿತು ಎಂಬರ್ಥದ ಮಾತು ಹೇಳಿ ವಿದಾಯ ಕೋರಿದಳು. ಆಗ ಆಕೆಗೆ ಎಪ್ಪತ್ತೆಂಟು. 1969ರ ಆಗಸ್ಟ್ 3ರಂದು ತೀರಿಕೊಂಡಳು. ದುಡ್ಡು ತಂದುಕೊಟ್ಟ ಕಶೇರುಕಗಳ ಕೈಪಿಡಿ ಆಮೇಲೂ ಬದುಕಿತು. 1979ರಲ್ಲಿ ಬೇರೆಯವರು ಪರಿಷ್ಕರಿಸಿದ ಮೂರನೇ ಆವೃತ್ತಿ ಬಂದಾಗ ಆಕೆಯ ಹೆಸರೇ ಪುಸ್ತಕದ ಹೆಸರಿನ ಭಾಗವಾಗಿತ್ತು.

ಆರನೇ ಸಂಪುಟ ಬಸವನಹುಳುಗಳ ಬಳಗದ ಹತ್ತಿರ ನಿಲ್ಲುತ್ತದೆ. ಎರೆಹುಳು, ಏಡಿ, ಜೇಡ, ಕೀಟಗಳು ಉಳಿದವು. ಚಿಪ್ಪುಮೀನುಗಳೂ ಆಕ್ಟೋಪಸ್ಸೂ ಮುಂದಿನ ಸಂಪುಟದಲ್ಲಿ ಬರಬೇಕಿತ್ತು.